ಅಪ್ಪನ ತೀರ್ಥ, ಅವ್ವನ ಬಲೂನು

ಹೊಟ್ಟೆ ಕೊಯ್ಯದೇ ಕಲ್ಲು ತೆಗೆಯುತ್ತಾರಂತೆ! ಎರಡು ಸಾವಿರದ ಇಸವಿ ದಾಟಿದ ಹೊಸತು. ಸೇಡಂನ ನಮ್ಮ ಮನೆಯಲ್ಲಿ ಆ ವಾರವೆಲ್ಲ ಇದೇ ಮಾತು. ಹಿಂದೊಮ್ಮೆ ಪಿತ್ತಕೋಶ ತೆಗೆಯುವಾಗ ಅವ್ವನ ಹೊಟ್ಟೆಯನ್ನು ಉದ್ದಕ್ಕೆ ಕೊಯ್ದಿದ್ದರು. ಹೊಲಿಗೆ ಕೀವಾಗಿ ಎರಡು ತಿಂಗಳು ನರಳಿದ್ದಳು. ಈಗ ಪಿತ್ತನಾಳದಲ್ಲಿ ಮತ್ತೆ ಮೂರು ಸಣ್ಣ ಕಲ್ಲು ಸಿಕ್ಕಿಕೊಂಡು ಕಣ್ಣು ಹಳದಿಯಾಗಿತ್ತು, ಜ್ವರ ಶುರುವಾಗಿತ್ತು. "ಸಾಯ್ತೀನಿ, ಆದ್ರ ಇನ್ನೊಮ್ಮೆ ಕೊಯ್ಸಿಕೊಳ್ಳಂಗಿಲ್ಲ" ಎಂದು ಹಠ ಹಿಡಿದಿದ್ದಳು.

ಹೈದರಾಬಾದಿಗೆ ಕರೆದೊಯ್ದೆವು. ಅಲ್ಲಿಯ ಡಾಕ್ಟರು ಗುಲ್ಬರ್ಗಾದಲ್ಲಿ ಓದಿದವರು, ನಮ್ಮ ಮಾತು ಬರುತ್ತಿತ್ತು. "ಬಾಯಿಂದ ನಳಿಗಿ ಇಳಸ್ತೀವ್ರಿ. ಪಿತ್ತನಾಳದ ತುದೀಗೆ ಸಣ್ಣ ಬಲೂನ್ ಇಟ್ಟು ಉಬ್ಬಸ್ತೀವಿ. ದಾರಿ ಅಗಲ ಆಗ್ತದ, ಕಲ್ಲು ಎಳಕೊಂಡು ಬರ್ತೀವಿ. ಸಣ್ಣವು ಅವ, ಅದಕ್ಕ ಆಗ್ತದ" ಎಂದರು. ಬಲೂನು! ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು, ಕುಡಿಯಬಾರದು ಎಂಬುದನ್ನು ಅವ್ವನಿಗೆ ಹತ್ತು ಸಲ ಹೇಳಿದೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಏನರ ತಗೊಂಡೀರೇನ್ರಿ?"

"ಒಂದು ಹನಿ ಇಲ್ರಿ" ಎಂದಳು ಅವ್ವ.

ಪಕ್ಕದಲ್ಲಿದ್ದ ಅಪ್ಪ ಹೆಮ್ಮೆಯಿಂದ ಸೇರಿಸಿದರು, "ತೀರ್ಥ ಅಷ್ಟ ಕೊಟ್ಟೀನ್ರಿ."

ದೇವರ ಪೆಟ್ಟಿಗೆ ಇಲ್ಲದೆ ಅಪ್ಪ ಊರು ಬಿಟ್ಟವರೇ ಅಲ್ಲ. ಲಾಡ್ಜಿನ ಕೋಣೆಯಲ್ಲೇ ಪೂಜೆ ಮುಗಿಸಿ, ಉದ್ಧರಣೆ ಚಮಚದಿಂದ ಮೂರು ಸಲ ತೀರ್ಥ ಹಾಕಿ, ತುಳಸಿ ದಳವನ್ನೂ ಕೊಟ್ಟಿದ್ದರು. ಅವ್ವನ ಪಕ್ಕದಲ್ಲಿ ನಾನೂ ಕೈ ಚಾಚಿ ಕುಡಿದಿದ್ದೆ. ವಿಜ್ಞಾನದ ಟೀಚರಮ್ಮನಿಗೆ ಹೊಳೆಯಲೇ ಇಲ್ಲ!

"ಯಜಮಾನ್ರ, ತೀರ್ಥ ಅಂದ್ರೂ ನೀರೇ ಅಲ್ಲೇನ್ರಿ?" ಡಾಕ್ಟರು ಅಪ್ಪನನ್ನು ಕೇಳಿದರು.

"ನೀರು ಹೆಂಗಾಗ್ತದ್ರಿ? ಅದು ತೀರ್ಥ!" ಅಪ್ಪನಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

"ಮಂಪರಿನ ಔಷಧ ಕೊಟ್ಟಾಗ ಅದು ಶ್ವಾಸಕ್ಕ ಹೋದ್ರ ಜೀವಕ್ಕ ಅಪಾಯ ಅದ್ರಿ" ಎಂದು ಡಾಕ್ಟರು ಅವ್ವನ ಸರದಿಯನ್ನು ಕೊನೆಗೆ ಹಾಕಿದರು. ಅಷ್ಟರಲ್ಲಿ ಜ್ವರ ಏರಿದರೆ, ಅಥವಾ ಬಲೂನಿನಿಂದ ಆಗದಿದ್ದರೆ, ಆಪರೇಷನ್ನೇ ಗತಿ ಎಂದೂ ಹೇಳಿದರು. ಅವ್ವ ಮುಖ ಗೋಡೆಗೆ ತಿರುಗಿಸಿದಳು. ನಾನು ತಾಸಿಗೊಮ್ಮೆ ಅವಳ ಹಣೆ ಮುಟ್ಟಿ ನೋಡುತ್ತ ಕುಳಿತೆ.

ಮಧ್ಯಾಹ್ನ ಮೂರಕ್ಕೆ ಕರೆದೊಯ್ದರು. ಮುಕ್ಕಾಲು ತಾಸಿನ ನಂತರ ಡಾಕ್ಟರು ನಗುತ್ತ ಹೊರಬಂದು ಮೂರು ಬೆರಳು ತೋರಿಸಿದರು. ಮೂರೂ ಕಲ್ಲು ಹೊರಗೆ! ಆಸ್ಪತ್ರೆಯೆಂಬುದನ್ನೂ ಮರೆತು ನಾನು ಚಪ್ಪಾಳೆ ಹೊಡೆದೆ.

ಮಂಪರು ಇಳಿದಾಗ ಅವ್ವ ಕಣ್ಣು ಬಿಡುವ ಮೊದಲೇ ಸೆರಗಿನೊಳಗೆ ಕೈ ಹಾಕಿ ಹೊಟ್ಟೆ ತಡವಿದಳು. ಹೊಲಿಗೆಯ ಪಟ್ಟಿ ಸಿಗಲಿಲ್ಲ. ಮುಖ ಬಾಡಿತು.

"ತೀರ್ಥ ಕುಡದೀನಂತ ಹಂಗ ವಾಪಸ್ ಕಳಸ್ಲಿಕತ್ತಾರೇನ?"

"ಎಲ್ಲಾ ಆತವ್ವ. ಮೂರೂ ಕಲ್ಲು ತಗದ್ರು."

ಅವಳು ನಂಬಲಿಲ್ಲ. ಮತ್ತೊಮ್ಮೆ ಆ ಪಕ್ಕದಿಂದ ಈ ಪಕ್ಕದವರೆಗೆ ತಡವಿದಳು. ಆಮೇಲೆ ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಒತ್ತಿಕೊಂಡು, "ನೀನೂ ನೋಡ" ಎಂದು ಬಿಕ್ಕಿ ಬಿಕ್ಕಿ ಅತ್ತಳು.