ಏಳು ಗಂಟೆಯ ಹೊಳೆ

ಭಟ್ಕಳದಿಂದ ಕುಮಟಾದವರೆಗೆ, ಬಸ್ಸು ಹೋಗದ ಹೊಳೆದಂಡೆಗಳಲ್ಲಿ ನೀರಿನ ಮಟ್ಟ ನೋಡಲು ಆಯಾ ಊರಿನವರನ್ನೇ ಸೇರಿಸಿ ಒಂದು ತಂಡ ಕಟ್ಟಿದಾಗ, ನನಗೆ ಸಿಕ್ಕಿದ್ದು ಬರೆಯುವ ಕೆಲಸ. ಕಾನ್ವೆಂಟಿನಲ್ಲಿ ಕಲಿತ ಅಕ್ಷರ ದುಂಡಗಿದೆ ಎಂಬುದೇ ನನ್ನ ಅರ್ಹತೆ. ಮದುವೆಯಾದ ಮೇಲೆ ಅದು ಅಂಗಡಿ ಚೀಟಿಗಷ್ಟೇ ಬಳಕೆಯಾಗಿತ್ತು.

ನಮ್ಮೂರಿನ ಅಳತೆ ಕಂಬ ನೋಡುತ್ತಿದ್ದವಳು ಬಳಚು ಹೆಕ್ಕುವ ಅಕ್ಕ. ಹೊಳೆಯ ಕೆಸರಿನಿಂದ ಆ ಚಿಪ್ಪುಮೀನು ಆರಿಸಿ ಬುಟ್ಟಿ ತುಂಬುವುದು ಅವಳ ದಿನದ ಕೆಲಸ. ಅಕ್ಷರ ಬಾರದು, ಅಂಕಿ ಬರುತ್ತದೆ. ಕಂಬದ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆದಿಟ್ಟು, ತಿಂಗಳು ಮುಗಿದಾಗ ಹಾಳೆ ಹರಿದು ನನಗೆ ಕೊಡುತ್ತಿದ್ದಳು. ನಾನದನ್ನು ತಂಡದ ನಮೂನೆಗೆ ಇಳಿಸಿ ಕಳಿಸುತ್ತಿದ್ದೆ. ಪಾಚಿ ಹಿಡಿದರೆ ಅಂಕಿ ಕಾಣದೆಂದು ಕಂಬವನ್ನು ತೆಂಗಿನ ಸಿಪ್ಪೆಯಿಂದ ಉಜ್ಜುತ್ತಿದ್ದಳು. ನಮ್ಮನೆಯ ಹಿತ್ತಾಳೆ ಹಂಡೆಗೂ ಅಷ್ಟು ಆರೈಕೆಯಿಲ್ಲ.

ನಾಲ್ಕು ತಿಂಗಳಾದ ಮೇಲೆ ಹೊನ್ನಾವರದಲ್ಲಿ ಸಭೆ. ಅಂಕಿಗಳನ್ನು ಪರಿಶೀಲಿಸುವ ಹುಡುಗಿ, ಮೆತ್ತಗಿನ ಮಾತಿನವಳು, ನಮ್ಮ ನಮೂನೆಗಳನ್ನು ಪಕ್ಕಕ್ಕಿಟ್ಟಳು. ಬೆಳಿಗ್ಗೆ ಏಳಕ್ಕೆ ಒಂದು ವಾರ ಭರತವಿದ್ದರೆ ಮತ್ತೊಂದು ವಾರ ಇಳಿತವಿರಬೇಕು. ಇಲ್ಲಿ ದಿನವೂ ನೀರು ತಳದಲ್ಲೇ ಇದೆ. ಮನೆಯಲ್ಲಿ ಕೂತು ಬರೆದದ್ದಿರಬೇಕು, ಆ ಕಂಬಕ್ಕೆ ಬೇರೆಯವರನ್ನು ನೋಡೋಣ ಎಂದಳು.

ನನ್ನ ಪಕ್ಕದಲ್ಲಿ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಉಗುರಿನ ಸಂದಿಯಲ್ಲಿ ಇನ್ನೂ ಕೆಸರಿತ್ತು. ಮನೆಯಲ್ಲಿ ಕೂತವರ ಉಗುರು ಹಾಗಿರುವುದಿಲ್ಲ.

"ಅಕ್ಕಾ, ನೀ ಕಂಬ ನೋಡೂದು ಎಷ್ಟೊತ್ತಿಗೆ?" ಎಂದು ಮೆಲ್ಲಗೆ ಕೇಳಿದೆ.

"ಇಳಿತ ಆದಾಗ. ಬಳಚಿಗೆ ಹೋಗೂದು ಆವಾಗ್ಲೇ ಅಲ್ದಾ? ನೀರು ಏರ್ದಾಗ ನಾ ಅಲ್ಲಿ ಎಂತ ಮಾಡೂದು ತಂಗಿ, ಈಜೂದಾ?"

ಯಾರೋ ನಕ್ಕರು. ನನ್ನ ಮುಖ ಬಿಸಿಯಾಯಿತು. ಏಳಕ್ಕೇ ನೋಡಬೇಕೆಂದು ನನಗೆ ಹೇಳಿದ್ದರು. ನಾನು ಅವಳಿಗೆ ಹೇಳಲು ಮರೆತಿದ್ದೆ. ನಮೂನೆಯಲ್ಲಿ ಸಮಯಕ್ಕೊಂದು ಕಾಲಂ, ಕ್ಯಾಲೆಂಡರಿನಲ್ಲಿ ಸಮಯವಿಲ್ಲ. ಖಾಲಿ ಬಿಟ್ಟರೆ ಕಾನ್ವೆಂಟಿನ ಸಿಸ್ಟರ್ ಸ್ಕೇಲಿನಿಂದ ಬೆರಳ ಗೆಣ್ಣಿಗೆ ತಟ್ಟುತ್ತಿದ್ದ ಕಾಲದಿಂದಲೂ ನನಗೆ ಖಾಲಿ ಜಾಗ ಕಂಡರಾಗದು. ಪ್ರತಿ ಸಾಲಿಗೂ ದುಂಡಗೆ ಏಳು ಬರೆದಿದ್ದೆ.

ಎದ್ದು ನಿಂತು ಅಷ್ಟನ್ನೂ ಹೇಳಿದೆ. ಕೈಚೀಲದಲ್ಲಿದ್ದ ಕ್ಯಾಲೆಂಡರ್ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ಹುಡುಗಿ ಚೌಕ ಚೌಕಕ್ಕೂ ಬೆರಳಿಟ್ಟು ನೋಡುತ್ತ ಹೋದಳು. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ನೀರು ತೀರ ಕೆಳಗೆ. ಅಷ್ಟಮಿಯ ಆಸುಪಾಸಿನಲ್ಲಿ ಅಷ್ಟು ಇಳಿದಿಲ್ಲ. ನಾಲ್ಕೂ ತಿಂಗಳು ಹಾಗೇ. ಮನೆಯಲ್ಲಿ ಕೂತು ಹೀಗೆ ಬರೆಯಲಾಗದು ಎಂದು ಅವಳೇ ಹೇಳಿದಳು. ಕಂಬ ಅಕ್ಕನಿಗೇ ಉಳಿಯಿತು. ಇನ್ನು ಅಂಕಿಯ ಪಕ್ಕ ಗಂಟೆಯನ್ನೂ ಬರೆಯುವುದೆಂದಾಯಿತು.

ಮರಳುವ ಬಸ್ಸಿನಲ್ಲಿ ತಪ್ಪಾಯಿತು ಎಂದೆ.

"ಆತು ಬಿಡು. ಗೊತ್ತಿಲ್ದೇ ಇದ್ದದ್ದು ಬರೀಬೇಡ, ಕೇಳು."

ಸೆರಗು ಆಗಲೇ ಬೆರಳಿನಿಂದ ಬಿಟ್ಟುಹೋಗಿತ್ತು. ಶರಾವತಿ ಸೇತುವೆಯ ಮೇಲೆ ಅವಳು ಕಿಟಕಿಯಿಂದ ಬಗ್ಗಿ ನೋಡಿ, ನೀರು ಏರಲು ಶುರುವಾಯಿತು ಎಂದಳು. ನಾನು ಗಡಿಯಾರ ನೋಡಿದೆ. ಮೂರೂ ಇಪ್ಪತ್ತು.