ಮತಗಟ್ಟೆಯ ಗುಟ್ಟು ಕಾಯುವ ದಿಲ್ಷಾದ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಸರ್ಕಾರಿ ಶಾಲೆಯಲ್ಲಿ ಮತದಾನಕ್ಕೆ ಸಿದ್ಧತೆ ನಡೆದಿದೆ. ಒಳಗೆ ಸಿಬ್ಬಂದಿ ಯಂತ್ರಕ್ಕೆ ವೈರು ಜೋಡಿಸುತ್ತಿದ್ದರೆ, ದಿಲ್ಷಾದ್ ಬೇಗಂ ಮಾತ್ರ ಹೊರಗೆ ನಿಂತು ಕಿಟಕಿಯ ಸರಳಿಗೆ ಮುಖ ಒತ್ತಿ ಇಣುಕುತ್ತಿದ್ದಾರೆ.

"ಸರ್, ಇಲ್ಲಿ ನಿಂತ್ರೆ ಕೈ ಕಾಣ್ತೈತ್ರಿ. ಯಾವ ಗುಂಡಿಗೆ ಹೋತು ಅಂತ ಗೊತ್ತಾಗಿಬಿಡ್ತೈತೆ."

ಮತಗಟ್ಟೆ ಅಧಿಕಾರಿ ಅರುಣ್ ಕುಮಾರ್ ಹೊರಬಂದು ತಾವೂ ಒಮ್ಮೆ ಇಣುಕುತ್ತಾರೆ. "ಹೌದಲ್ಲಮ್ಮ" ಎನ್ನುತ್ತಾ ಯಂತ್ರದ ಮೇಜು, ಸುತ್ತಲಿನ ರಟ್ಟಿನ ಮರೆ ಎರಡನ್ನೂ ಮೂಲೆಗೆ ಸರಿಸುತ್ತಾರೆ. ದಿಲ್ಷಾದ್ ಕಿಟಕಿಯ ಬಾಗಿಲು ಮುಚ್ಚಿ ಅಗುಳಿ ಹಾಕಿದ ಮೇಲೆಯೇ ಚಹಾದ ಲೋಟ ಕೈಗೆತ್ತಿಕೊಳ್ಳುತ್ತಾರೆ.

ಹರಿಹರದಲ್ಲಿ ಹುಟ್ಟಿ, ಮದುವೆಯಾಗಿ ದಾವಣಗೆರೆಗೆ ಬಂದ ದಿಲ್ಷಾದ್ ಅಂಗನವಾಡಿ ಸಹಾಯಕಿ. ಪತಿ ಖಲೀಲ್ ಕರೂರು ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಾರೆ. ದಿನಾ ಬೆಳಿಗ್ಗೆ ಮೂವತ್ತು ಮಕ್ಕಳನ್ನು ಮನೆಮನೆಯಿಂದ ಕರೆತಂದು, ಮೂಗು ಒರೆಸಿ, ಉಣಿಸಿ, ಮಲಗಿಸುವುದು ಇವರ ಕೆಲಸ. ಚುನಾವಣೆ ಬಂದರೆ ಮತಗಟ್ಟೆಯ ಕೆಲಸವೂ ಸೇರುತ್ತದೆ. ಬುರ್ಖಾ ತೊಟ್ಟು ಬರುವ ಹೆಂಗಸರನ್ನು ಪರದೆಯ ಹಿಂದೆ ಕರೆದು, ಮುಖ ನೋಡಿ ಗುರುತು ಖಚಿತಪಡಿಸಬೇಕು. ಸಂಜೆಯವರೆಗೆ ಕೋಣೆಯೊಳಗೇ ಇರಬೇಕು.

2008ರ ವಿಧಾನಸಭಾ ಚುನಾವಣೆಯ ದಿನವೂ ಅವರು ಇದೇ ಶಾಲೆಯಲ್ಲಿದ್ದರು. ಅಂದು ಅವರದೇ ಓಣಿಯ ಕೆಂಚವ್ವ ಬಂದರು. ಮಂಡಕ್ಕಿ ಭಟ್ಟಿಯಲ್ಲಿ ಹುರಿಯುವ ಕೆಲಸ. ಓಣಿಗೊಂದು ನಲ್ಲಿ ಹಾಕಿಸಿ ಎಂದು ಎಲ್ಲ ಪಕ್ಷದವರ ಬಾಗಿಲಿಗೂ ಅಲೆದು ಬೇಸತ್ತಿದ್ದ ಹೆಣ್ಣುಮಗಳು. ಬೆರಳಿಗೆ ಶಾಯಿ ಹಾಕಿಸಿಕೊಂಡ ಮೇಲೆ ಅಧಿಕಾರಿಯ ಮುಂದೆ ನಿಂತು, "ನಂಗೆ ಇವ್ರು ಯಾರೂ ಬ್ಯಾಡ್ರಿ. ಹಂಗಂತ ಬರ್ಕಳ್ರಿ" ಎಂದರು.

ಆಗಿನ ನಿಯಮವೇ ಹಾಗಿತ್ತು. ಯಾರಿಗೂ ಮತ ಹಾಕುವುದಿಲ್ಲ ಎನ್ನುವವರು ಅದನ್ನು ಅಧಿಕಾರಿಗೆ ಹೇಳಿ, ಬರೆಸಿ, ಹೆಬ್ಬೆಟ್ಟು ಒತ್ತಬೇಕಿತ್ತು. ಗೋಡೆಗೆ ಒರಗಿ ಕೂತಿದ್ದ ಪಕ್ಷಗಳ ಏಜೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಂಜೆಯಾಗುವಷ್ಟರಲ್ಲಿ ಸುದ್ದಿ ಓಣಿಯೆಲ್ಲ ಹಬ್ಬಿತು. "ನಮ್ಮ ಅಣ್ಣ ನಿಂಗೇನ್ ಮಾಡ್ಯಾನ?" ಎಂದು ಒಂದು ಪಕ್ಷದ ಹುಡುಗರು ಬಂದು ಹೋದರು, ಅವರ ಬೆನ್ನಿಗೇ ಇನ್ನೊಂದು ಪಕ್ಷದವರು ಬಂದರು. ಮರುದಿನ ಭಟ್ಟಿಯ ಮಾಲೀಕ, ತಾನೂ ಒಂದು ಪಕ್ಷದವನೇ, "ನಾಳಿಂದ ಬರಬ್ಯಾಡ" ಎಂದುಬಿಟ್ಟ. ಬೇರೆ ಭಟ್ಟಿಯಲ್ಲಿ ಕೆಲಸ ಸಿಗುವವರೆಗೆ ಕೆಂಚವ್ವ ಪಟ್ಟ ಪಾಡು ಅಷ್ಟಿಷ್ಟಲ್ಲ. ಅಂದು ಕೋಣೆಯಲ್ಲಿದ್ದ ಓಣಿಯ ಹೆಂಗಸು ದಿಲ್ಷಾದ್ ಒಬ್ಬರೇ. ಸುದ್ದಿ ಹೊರಗೆ ಹಾಕಿದ್ದು ಇವರೇ ಇರಬೇಕು ಎಂದುಕೊಂಡ ಕೆಂಚವ್ವ ಮಾತು ಬಿಟ್ಟರು. ಓಟು ಹಾಕುವುದನ್ನೂ ಬಿಟ್ಟರು.

"ಎದುರು ಬಂದ್ರೆ ಸೆರಗು ಎಳಕೊಂಡು ಹೋಗೋರು," ಎನ್ನುತ್ತಾರೆ ದಿಲ್ಷಾದ್. "ನಾ ಹೇಳಿಲ್ಲ ಅಂದ್ರೆ ಯಾರು ನಂಬ್ತಾರೆ? ಎದೆಗೆ ಚುಚ್ಚಿದಂಗೆ ಆಗ್ತಿತ್ರಿ."

2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಎಲ್ಲರನ್ನೂ ತಿರಸ್ಕರಿಸುವ ಮತವೂ ಗುಟ್ಟಾಗಿಯೇ ಇರಬೇಕು ಎಂದಿತು. ಯಂತ್ರದ ಕೊನೆಯಲ್ಲಿ ನೋಟಾ ಗುಂಡಿ ಸೇರಿತು. 2018ರ ಚುನಾವಣೆಗೆ ಮುಂಚೆ ಮತದಾರರ ಜಾಗೃತಿಗೆಂದು ಮನೆಮನೆ ಸುತ್ತುತ್ತಿದ್ದ ದಿಲ್ಷಾದ್, ಧೈರ್ಯ ಮಾಡಿ ಕೆಂಚವ್ವನ ಬಾಗಿಲು ತಟ್ಟಿದರು.

"ಏನ್ ಬೇಕಾಗಿತ್ತು?"

"ಅಕ್ಕಾ, ಅವತ್ತು ನಾ ಹೇಳಿಲ್ಲ ಅಂತ ಆಣೆ ಮಾಡಾಕ ಬಂದಿಲ್ಲ. ಈಗ ಯಾರ ಮುಂದೂ ಬಾಯಿ ಬಿಡೋದು ಬ್ಯಾಡ. ಯಾರೂ ಬ್ಯಾಡ ಅನ್ನಾಕೂ ಒಂದು ಗುಂಡಿ ಐತೆ."

ಕೆಂಚವ್ವ ಹೊಸಿಲ ಮೇಲೇ ನಿಂತು ಕೇಳಿದರು: "ಒತ್ತಿದ್ರೆ ಸದ್ದು ಬರ್ತೈತಲ್ಲ. ಅದ್ರದ್ದು ಬ್ಯಾರೆ ಸದ್ದೇನು?"

"ಇಲ್ಲಕ್ಕಾ. ಯಾವ್ದು ಒತ್ತಿದ್ರೂ ಒಂದೇ ಸದ್ದು."

ಮತದಾನದ ದಿನ ಮಧ್ಯಾಹ್ನ ಕೆಂಚವ್ವ ಬಂದರು. ರಟ್ಟಿನ ಮರೆಯ ಹಿಂದೆ ಹೋದರು. ಸದ್ದು ಬಂತು. ಏಜೆಂಟರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ದಿಲ್ಷಾದ್‌ಗೆ ಕಣ್ಣು ತುಂಬಿ, ಎದುರಿಗೆ ನಿಂತಿದ್ದವರ ಮುಖವೇ ಕಾಣದಂತಾಯಿತು. ಸಂಜೆ ಹೊರಬಂದಾಗ ಗೇಟಿನ ಹತ್ತಿರ ಕೆಂಚವ್ವ ಕಾಯುತ್ತಿದ್ದರು. "ನೀ ಹೇಳಿರಾಕಿಲ್ಲ ಅಂತ ನಂಗೂ ಆಮ್ಯಾಲೆ ಅನ್ಸಿತ್ತು. ಬಂದು ಮಾತಾಡಾಕ ಮುಖ ಇರ್ಲಿಲ್ಲ. ಬಾ, ಚಾ ಕುಡಿಯಾಣ" ಎಂದರು. ಇಬ್ಬರೂ ಓಣಿಯ ನಡುವೆ ಎಲ್ಲರಿಗೂ ಕಾಣುವಂತೆ ನಡೆದುಹೋದರು.

ಕೆಂಚವ್ವ ಒತ್ತಿದ್ದು ಯಾವ ಗುಂಡಿ? ಖಲೀಲ್ ಅಂದು ರಾತ್ರಿಯೇ ಕೇಳಿದ್ದರಂತೆ. "ನಂಗೇನ್ ಗೊತ್ತು ಅಂದೆ. ಅವರು ಹೇಳ್ಲಿಲ್ಲ, ನಾ ಕೇಳ್ಲಿಲ್ಲ," ಎಂದು ದಿಲ್ಷಾದ್ ನಗುತ್ತಾರೆ.

ನೋಟಾಗೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಹಾಗಾದರೆ ಅದರಿಂದ ಪ್ರಯೋಜನವೇನು ಎಂದು ಕೇಳುವವರಿಗೆ ದಿಲ್ಷಾದ್ ಅವರ ಉತ್ತರ ಸರಳ: "ಗೆದ್ದೋರು ಗೆಲ್ಲಲಿ ಬಿಡ್ರಿ. ಬ್ಯಾಡ ಅಂದಿದ್ದಕ್ಕೆ ಕೆಂಚವ್ವಕ್ಕನ ಕೆಲ್ಸ ಹೋತಲ್ಲ, ಹಂಗೆ ಇನ್ಯಾರ್ದೂ ಹೋಗಬಾರ್ದು."

ಮಗಳು ನುಜತ್‌ಗೆ ಈಗಷ್ಟೇ ಹದಿನೆಂಟು ತುಂಬಿದೆ, ಈ ಸಲದ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ. ಮುಂದಿನ ಚುನಾವಣೆಯಲ್ಲಿ ಅವಳದು ಮೊದಲ ಮತ. ಆಸೆ ಏನಾದರೂ ಇದೆಯೇ ಎಂದರೆ ದಿಲ್ಷಾದ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ.

"ಊರೋರ ಗುಟ್ಟು ಕಾಯೋದು ಸಲೀಸ್ರಿ. ಆದ್ರೆ ಹೆತ್ತ ಮಗಳು ಓಟು ಹಾಕಿ ಮನೆಗೆ ಬಂದಾಗ, ಯಾರಿಗೆ ಹಾಕಿದ್ಯೇ ಅಂತ ಕೇಳದೆ ಅನ್ನ ಬಡಿಸಬೇಕಲ್ಲ, ಅಷ್ಟು ತಡಕೊಳ್ಳೋ ತಾಕತ್ತು ಆ ಅಲ್ಲಾ ಕೊಟ್ರೆ ಸಾಕು."