ಮುಂದೆ ಓಡುವವನ ಬೆನ್ನು

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಒಂದು ಕಾಲಕ್ಕೆ ಓಟಗಾರನಾಗಿದ್ದೆ ಎಂದು ಹೇಳಿಕೊಂಡು ತಿರುಗುತ್ತೇನಲ್ಲ, ಅದು ಸುಳ್ಳಲ್ಲ. ಆದರೆ ಹತ್ತು ಕಿಲೋಮೀಟರಿನ ಒಂದೇ ಒಂದು ಸ್ಪರ್ಧೆಯನ್ನೂ ಕೊನೆಯ ತನಕ ಓಡಿದವನಲ್ಲ ನಾನು. ಏಳನೆಯ ಕಿಲೋಮೀಟರು ದಾಟಿತೋ ಇಲ್ಲವೋ, ರಸ್ತೆಯ ಬದಿಗೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದೆ. ದಣಿವಾಗಿ ನಿಲ್ಲುತ್ತಿದ್ದೆ ಎಂದುಕೊಳ್ಳಬೇಡಿ. ನಿಲ್ಲುವುದೇ ನನ್ನ ಕೆಲಸವಾಗಿತ್ತು. ನಾನು ಪೇಸ್‌ಮೇಕರ್.

ದೂರದ ಓಟ ನೋಡಿದವರಿಗೆ ಇದು ಗೊತ್ತಿರುತ್ತದೆ. ಗೆಲ್ಲಬೇಕಾದವನೇ ಮೊದಲಿನಿಂದ ಮುಂದೆ ಓಡಿದರೆ ಎದುರುಗಾಳಿಯೂ ಅವನಿಗೇ, ವೇಗದ ಲೆಕ್ಕವೂ ಅವನಿಗೇ. ಅದಕ್ಕೆ ಅವನ ಕಡೆಯವನೇ ಒಬ್ಬ ಮುಂದೆ ಓಡಿ, ಇಂತಿಷ್ಟು ಹೊತ್ತಿಗೆ ಇಂಥಲ್ಲಿ ತಲುಪಬೇಕು ಎಂಬ ಚಿಂತೆಯನ್ನೆಲ್ಲ ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಾನೆ. ಹಿಂದಿನವನಿಗೆ ಒಂದೇ ಕೆಲಸ: ಮುಂದಿನವನ ಬೆನ್ನು ನೋಡುತ್ತ ಓಡುವುದು. ಮುಕ್ಕಾಲು ಪಾಲು ದೂರ ಮುಗಿದ ಮೇಲೆ ಮುಂದಿನವನು ಸರಿದು ದಾರಿ ಬಿಡುತ್ತಾನೆ. ಮರುದಿನ ಸೂಚನಾ ಫಲಕದಲ್ಲಿ ಅವನ ಹೆಸರಿನ ಮುಂದೆ 'ಓಟ ಪೂರ್ಣಗೊಳಿಸಲಿಲ್ಲ' ಎಂದು ಬರೆದಿರುತ್ತದೆ. ಸೋತವರ ಸಾಲಿಗೂ ಸೇರದ ಪ್ರಾಣಿ ಅದು.

ಯೋಚಿಸಿದರೆ ಲೋಕದಲ್ಲಿ ಇಂಥವರು ಬೇಕಾದಷ್ಟಿದ್ದಾರೆ. ನಮ್ಮ ಗದಗಿನ ಕಡೆ ಮದುವೆಯ ಮೆರವಣಿಗೆಯಲ್ಲಿ ಗ್ಯಾಸ್‌ಬತ್ತಿ ಹೊತ್ತವರು ಎಲ್ಲರಿಗಿಂತ ಮುಂದೆ ನಡೆಯುತ್ತಾರೆ. ಮಂಟಪ ಬಂದಾಗ ಬಾಗಿಲಲ್ಲೇ ಉಳಿಯುತ್ತಾರೆ. ಕೆಲಸಕ್ಕೆಂದು ನಾನು ಬಂದು ನೆಲೆಸಿದ ಡೊಂಬಿವಲಿಯಲ್ಲೂ ಒಬ್ಬ ಪುಣ್ಯಾತ್ಮನಿದ್ದ. ದಿನಾ ಬೆಳಿಗ್ಗೆ ಉಲ್ಟಾ ದಿಕ್ಕಿನ ಗಾಡಿ ಹತ್ತಿ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಹೊರಡುವ ಖಾಲಿ ಲೋಕಲ್ ರೈಲಿನಲ್ಲಿ ನಾಲ್ಕು ಜನರ ಜಾಗ ಹಿಡಿದು, ಡೊಂಬಿವಲಿಯಲ್ಲಿ ಗೆಳೆಯರು ಹತ್ತಿದಾಗ ಐದನೆಯವನಾಗಿ ತಾನೇ ಎದ್ದು ನಿಲ್ಲುತ್ತಿದ್ದ. ಮುಂದೆ ಹೋಗುವ ಅಭ್ಯಾಸ ನನಗೆ ಓಟದಲ್ಲಷ್ಟೇ ಇತ್ತೆಂದಲ್ಲ. ಬಾಜಾರಕ್ಕೆ ಹೋದರೂ ನಾನು ಮುಂದೆ, ಹೆಂಡತಿ ಚೀಲ ಹಿಡಿದು ನಾಲ್ಕು ಹೆಜ್ಜೆ ಹಿಂದೆ. ಅದನ್ನು ಯಾರೂ ಗೊತ್ತುಮಾಡಿರಲಿಲ್ಲ, ಹಾಗೇ ನಡೆದುಕೊಂಡು ಬಂದಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ರಬಾಳೆಯ ಒಂದು ಕೆಮಿಕಲ್ ಕಾರ್ಖಾನೆಯ ಲ್ಯಾಬಿನಲ್ಲಿ ನಾನಿದ್ದೆ. ಡೊಂಬಿವಲಿಯಿಂದ ಠಾಣೆಗೆ ಲೋಕಲ್, ಅಲ್ಲಿಂದ ಬಸ್ಸು. ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕಾಂಟ್ರಾಕ್ಟಿನ ಮೇಲೆ ಕೆಲಸಕ್ಕಿದ್ದವನು ಸಂಜೀವ. ಕಾರ್ಕಳದ ಕಡೆಯ ಹುಡುಗ, ನನಗಿಂತ ಏಳೆಂಟು ವರ್ಷಕ್ಕೆ ಚಿಕ್ಕವನು, ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ಊರಿನಲ್ಲಿದ್ದಳು. ಇವನು ಡೊಂಬಿವಲಿಯಲ್ಲಿ ಸಂಬಂಧಿಕರೊಬ್ಬರ ಹೋಟೆಲಿನ ಅಟ್ಟದ ಮೇಲೆ ಮಲಗುತ್ತಿದ್ದ. ಅದಕ್ಕೆ ಪ್ರತಿಯಾಗಿ ದಿನಾ ನಸುಕಿನಲ್ಲಿ ಸ್ಟೇಷನ್ನಿಗೆ ಹೋಗಿ, ಗಾಡಿಯಲ್ಲಿ ಬರುವ ಹಾಲಿನ ಕ್ಯಾನುಗಳನ್ನು ಇಳಿಸಿಕೊಂಡು ಬರಬೇಕಿತ್ತು. ಆ ಕ್ಯಾನುಗಳನ್ನು ಹೊತ್ತೂ ಅವನು ಓಡುವುದನ್ನು ನೋಡಿಯೇ ನಾನು ಅವನನ್ನು ಹಿಡಿದದ್ದು.

ಆ ಭಾಗದ ಕಾರ್ಖಾನೆಗಳೆಲ್ಲ ಸೇರಿ ವರ್ಷಕ್ಕೊಮ್ಮೆ ಹತ್ತು ಕಿಲೋಮೀಟರಿನ ಓಟ ನಡೆಸುತ್ತಿದ್ದವು. ಒಂದೊಂದು ಕಾರ್ಖಾನೆಯಿಂದ ಮೂವರು ಓಡಬಹುದಿತ್ತು. ಗೆದ್ದವರಿಗೆ ಕೊಡುವ ಕಪ್ಪು ನಮ್ಮವರಿಗೆ ಒಮ್ಮೆಯೂ ಬಂದಿರಲಿಲ್ಲ. ಪರ್ಸೊನೆಲ್ ಸಾಹೇಬರು ಸಂಜೀವನನ್ನು ಕರೆಸಿ, ಮೊದಲನೆಯವನಾಗಿ ಬಂದರೆ ಆಟಗಾರರ ಲೆಕ್ಕದಲ್ಲಿ ಪರ್ಮನೆಂಟ್ ಮಾಡುತ್ತೇನೆ ಎಂದು ನನ್ನೆದುರಿಗೇ ಹೇಳಿದರು. ಎರಡನೆಯವನಾಗಿ ಬಂದರೆ ಎಂದು ನಾನು ಕೇಳಿದ್ದಕ್ಕೆ, ಮುಂದಿನ ವರ್ಷ ಮತ್ತೆ ಓಡಲಿ ಎಂದು ನಕ್ಕರು. ಪರ್ಮನೆಂಟ್ ಆದರೆ ಸಂಜೀವ ಪಕ್ಕದ ಠಾಕುರ್ಲಿಯಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು ಹೆಂಡತಿಯನ್ನು ಕರೆತರುವವನಿದ್ದ. ಖೋಲಿಯನ್ನು ನೋಡಿಯೂ ಆಗಿತ್ತು. ರೈಲ್ವೆ ಗೇಟಿನ ಹತ್ತಿರ, ಹಸಿರು ಬಣ್ಣದ ಕಿಟಕಿಯದು. ನಾವು ಅಭ್ಯಾಸಕ್ಕೆ ಓಡುವ ದಾರಿಯಲ್ಲೇ ಇತ್ತು. ದಿನಾ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದರ ಮುಂದೆ ಅವನ ಹೆಜ್ಜೆಯ ಸದ್ದು ತುಸು ಹಗುರಾಗುತ್ತಿತ್ತು. ಹಿಂದೆ ಓಡುವವನ ಮುಖ ಕಾಣದ ನನಗೆ ಅಷ್ಟು ತಿಳಿಯುತ್ತಿತ್ತು.

ಡೊಂಬಿವಲಿಯ ಮೈದಾನದಿಂದ ಹೊರಟು, ಹಳಿಯ ಪಕ್ಕದ ರಸ್ತೆ ಹಿಡಿದು, ಠಾಕುರ್ಲಿ ದಾಟಿ, ಕಲ್ಯಾಣದ ಪತ್ರಿಪುಲ್ ಸೇತುವೆ ಮುಟ್ಟಿ ವಾಪಸು ಬರುವುದು ಸ್ಪರ್ಧೆಯ ದಾರಿ. ನಮ್ಮ ಎದುರಾಳಿ ಒಂದು ಬಣ್ಣದ ಕಾರ್ಖಾನೆಯ ಸಾತಾರದವನು. ಕೊನೆಯ ಫರ್ಲಾಂಗಿನಲ್ಲಿ ಚಿರತೆ. ಅವನಿಗೆ ಕೊನೆಯ ಫರ್ಲಾಂಗು ಸಿಗುವಷ್ಟರಲ್ಲಿ ಉಸಿರೇ ಉಳಿಯಬಾರದು, ಆದರೆ ಸಂಜೀವನ ಉಸಿರು ಉಳಿದಿರಬೇಕು. ಅಂದರೆ ವೇಗ ಕೂದಲೆಳೆಯಷ್ಟೂ ತಪ್ಪಬಾರದು. ಆ ಕೂದಲೆಳೆ ನನ್ನ ಕೈಯಲ್ಲಿತ್ತು.

ಇಲ್ಲಿ ನನ್ನ ಜಾಣತನದ ಕಥೆ ಹೇಳಬೇಕು. ನನ್ನ ಬಳಿ ಒಂದು ವಾಚು ಇತ್ತು, ಮಾವನವರು ಮದುವೆಯಲ್ಲಿ ಕಟ್ಟಿದ್ದು. ಬೆವರು ತಾಗಿ ಹಾಳಾದೀತೆಂದು ಅದನ್ನು ಓಡುವಾಗ ಕಟ್ಟುತ್ತಿರಲಿಲ್ಲ. ಅದರ ಅಗತ್ಯವೂ ಇಲ್ಲ ಎನ್ನುತ್ತಿದ್ದೆ. ಲೋಕಲ್ ಟೈಮ್‌ಟೇಬಲ್ ನನಗೆ ಬಾಯಿಪಾಠ. ಸ್ಪರ್ಧೆ ಬೆಳಿಗ್ಗೆ ಆರೂವರೆಗೆ ಎಂದು ತಿಳಿದ ದಿನದಿಂದ ನಮ್ಮ ಅಭ್ಯಾಸವೂ ಆರೂವರೆಗೇ ಶುರುವಾಯಿತು. ನಾವು ಸರಿಯಾದ ವೇಗದಲ್ಲಿದ್ದರೆ, ಕರ್ಜತ್ ಲೋಕಲ್ ಹಿಂದಿನಿಂದ ಬಂದು ನಮ್ಮನ್ನು ದಾಟಬೇಕಾದದ್ದು ಸರಿಯಾಗಿ ಠಾಕುರ್ಲಿ ಗೇಟಿನ ಎದುರಿಗೆ. ಗೇಟಿಗಿಂತ ಮೊದಲೇ ದಾಟಿತೋ, ನಾವು ಹಿಂದೆ ಬಿದ್ದಿದ್ದೇವೆ. ಇಡೀ ಸೆಂಟ್ರಲ್ ರೈಲ್ವೆಯೇ ನನ್ನ ಗಡಿಯಾರ ಎಂದು ಕ್ಯಾಂಟೀನಿನಲ್ಲಿ ಕೂತು ಬಡಾಯಿ ಕೊಚ್ಚಿಕೊಳ್ಳುತ್ತಿದ್ದೆ. ಸಂಜೀವ ಚಹಾ ತಂದಿಡುತ್ತ ನಗುತ್ತಿದ್ದ. ಸೋಮವಾರದಿಂದ ಶನಿವಾರದವರೆಗೆ ಒಂದು ದಿನವೂ ಆ ಗಡಿಯಾರ ತಪ್ಪಲಿಲ್ಲ. ಭಾನುವಾರ ನಮಗೆ ವಿಶ್ರಾಂತಿ.

ಸ್ಪರ್ಧೆ ಮಾತ್ರ ಭಾನುವಾರವಿತ್ತು.

ಜನವರಿಯ ಚಳಿ. ಮೈದಾನದಿಂದ ಚೆನ್ನಾಗಿಯೇ ಹೊರಟೆವು. ನಾನು ಮುಂದೆ, ಸಂಜೀವ ನನ್ನ ಬೆನ್ನಿಗೆ, ಸಾತಾರದವನು ಅವನ ಬೆನ್ನಿಗೆ. ನಮ್ಮ ಮೂರನೆಯವನು ಹೆಸರಿಗೆ ಮಾತ್ರ. ಠಾಕುರ್ಲಿ ಗೇಟು ಇನ್ನೂ ನಾಲ್ಕುನೂರು ಹೆಜ್ಜೆ ಇರುವಾಗಲೇ ಹಿಂದಿನಿಂದ ಲೋಕಲ್ ಬಂತು, ಧಡಧಡನೆ ನಮ್ಮನ್ನು ದಾಟಿ ಹೋಯಿತು. ಇಷ್ಟು ಹಿಂದೆ ಬಿದ್ದಿದ್ದೇವೆಯೇ? ಹತ್ತು ವರ್ಷ ಲೋಕಲ್ಲಿನ ಬೆನ್ನು ಹತ್ತಿ ಓಡಿದ ಕಾಲುಗಳು. ತಲೆಯನ್ನು ಕೇಳುವ ಪದ್ಧತಿ ಅವಕ್ಕಿಲ್ಲ. ವೇಗ ಹೆಚ್ಚಿಸಿದೆ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಸಂಜೀವನ ದನಿ ಬಂತು. "ಅಣ್ಣಾ, ಬೇಗ ಆಯ್ತಲ್ವಾ?"

ನಾನು ತಿರುಗಿ ನೋಡಲಿಲ್ಲ. ಮುಂದೆ ಓಡುವವನು ತಿರುಗಿ ನೋಡಬಾರದು ಎಂಬುದು ನಾನೇ ಮಾಡಿಕೊಂಡಿದ್ದ ನಿಯಮ. ಕೈಯೆತ್ತಿ, ಬಾ ಎಂದು ಸನ್ನೆ ಮಾಡಿದೆ. ಅವನು ಬಂದ. ಪತ್ರಿಪುಲ್ ಮುಟ್ಟಿ ತಿರುಗುವಾಗ ನೋಡಿದರೆ ಸಾತಾರದವನು ದೂರ ಉಳಿದಿದ್ದ. ದಾರಿಯಲ್ಲಿ ನಿಂತ ನಮ್ಮ ಕಾರ್ಖಾನೆಯವರು ಚಪ್ಪಾಳೆ ತಟ್ಟಿದರು, ಯಾರೋ ನನ್ನ ಹೆಸರನ್ನೂ ಕೂಗಿದರು. ನನ್ನ ಹೆಸರು! ಹತ್ತು ಹದಿನೈದು ಓಟಗಳಲ್ಲಿ ಮೊದಲ ಸಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಮೇಲಿನ ಒಂದು ಕಿಲೋಮೀಟರನ್ನು ನಾನು ಸಂಜೀವನಿಗಾಗಿ ಓಡಲಿಲ್ಲ.

ಠಾಕುರ್ಲಿ ಗೇಟಿನ ಬಳಿ, ಹಸಿರು ಕಿಟಕಿಯ ಎದುರಿಗೆ ನಾನು ಬದಿಗೆ ಸರಿದೆ. ಅವನು ನನ್ನನ್ನು ದಾಟಿದ. ಹಿಂದೆ ಓಡುವವನ ಮುಖ ನಮಗೆ ಕಾಣುವುದು ಆಗಲೇ. ತುಟಿ ಬೆಳ್ಳಗಾಗಿತ್ತು, ಕಣ್ಣು ಎಲ್ಲಿಯೋ ನೆಟ್ಟಿತ್ತು. ಕಿಟಕಿಯ ಕಡೆ ಅವನು ನೋಡಲಿಲ್ಲ. ಅವನ ಹಿಂದೆ ಸಾತಾರದವನು, ಅವಸರವೇನೂ ಇಲ್ಲದೆ, ಅಳತೆಯ ಹೆಜ್ಜೆ ಹಾಕುತ್ತ ಬಂದು ಹೋದ. ನಾನು ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತ ಸುಮ್ಮನೆ ಠಾಕುರ್ಲಿ ಪ್ಲಾಟ್‌ಫಾರ್ಮಿನ ಕಡೆ ನೋಡಿದೆ. ಡಬ್ಬಿ ಹಿಡಿದವರಿಲ್ಲ, ಪೇಪರು ಮಡಿಚಿ ಬಗಲಿಗೆ ಇಟ್ಟವರಿಲ್ಲ. ಜರತಾರಿ ಲಂಗ ಹಾಕಿಸಿದ ಮಗುವನ್ನು ನಡುವೆ ಕೂರಿಸಿಕೊಂಡು ಗಂಡಹೆಂಡತಿ ಯಾರ ಮನೆಗೋ ಹೊರಟಿದ್ದರು. ಆಗ ಹೊಳೆಯಿತು. ಭಾನುವಾರದ ಟೈಮ್‌ಟೇಬಲ್ ಬೇರೆ. ನಮ್ಮನ್ನು ದಾಟಿದ್ದು ನಮ್ಮ ಗಾಡಿಯೇ ಅಲ್ಲ. ನಾವು ಹಿಂದೆ ಬಿದ್ದೇ ಇರಲಿಲ್ಲ.

ಭಾನುವಾರವೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ರಜೆಯೆಂದೇ ಅಂದು ಸ್ಪರ್ಧೆ ಇಟ್ಟದ್ದು. ಹೆಂಡತಿಗೆ, ಬಂದ ಮೇಲೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುತ್ತೇನೆ, ನೀರು ಕಾಯಿಸಿಡು ಎಂದು ಹೇಳಿಯೇ ಹೊರಟಿದ್ದೆ.

ಸಂಜೀವ ಮೂರನೆಯವನಾಗಿ ಬಂದ. ಮೈದಾನದಲ್ಲಿ ಕವುಚಿ ಬಿದ್ದವನಿಗೆ ಯಾರೋ ನೀರು ಹಾಕುತ್ತಿದ್ದರು. ಪರ್ಸೊನೆಲ್ ಸಾಹೇಬರು ಏನಾಯಿತೆಂದು ಕೇಳಿದಾಗ, ಹೊಟ್ಟೆ ಹಿಡಿದುಕೊಂಡಿತು ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ತಪ್ಪು ನನ್ನದು, ವೇಗ ಕೆಡಿಸಿದವನು ನಾನು ಎಂದು ಹೇಳಲು ಒಂದು ನಿಮಿಷವೂ ಬೇಕಿರಲಿಲ್ಲ. ಹೇಳಿದ್ದರೆ ಅವರು ಕೇಳುತ್ತಿದ್ದರೋ ಇಲ್ಲವೋ, ಬೇರೆ ಮಾತು. ಟೈಮ್‌ಟೇಬಲ್ ಬಾಯಿಪಾಠವೆಂದು ಮೆರೆದವನು ವಾರ ಮರೆತನೆಂದು ಇಡೀ ಕಾರ್ಖಾನೆ ನಗುತ್ತದೆ ಎಂಬ ಭಯಕ್ಕೆ ನಾನು ಬಾಯಿ ಬಿಡಲಿಲ್ಲ. ಕಾರಣ ಅಷ್ಟೇ. ಅಷ್ಟು ಸಣ್ಣದು. ಜೂನಿನಲ್ಲಿ ಕ್ಯಾಂಟೀನಿನ ಕಾಂಟ್ರಾಕ್ಟು ಬೇರೆಯವರಿಗೆ ಹೋಯಿತು, ಅವರು ತಮ್ಮ ಜನರನ್ನು ತಂದುಕೊಂಡರು. ಸಂಜೀವ ನನಗೆ ಹೇಳಿಯೇ ಹೋದ. ನಾನು ಆಗಲೂ ಹೇಳಲಿಲ್ಲ. ಮರುವರ್ಷ ಕಾಲು ನೋವೆಂದು ಸುಳ್ಳು ಹೇಳಿ ಓಟ ಬಿಟ್ಟೆ.

ಐದಾರು ವರ್ಷದ ಮೇಲೆ ವಾಶಿಯಲ್ಲಿ ಒಂದು ಹೋಟೆಲು ಹೊಕ್ಕರೆ ದುಡ್ಡಿನ ಗಲ್ಲೆಯ ಮೇಲೆ ಸಂಜೀವ ಕೂತಿದ್ದ. ಮೈ ತುಂಬಿಕೊಂಡಿದ್ದ. ಎದ್ದು ಬಂದು ನನ್ನೆದುರು ಕೂತು, ತಾನೇ ಚಹಾ ತರಿಸಿದ. ಮನೆಯವರ ಸುದ್ದಿ ಕೇಳಿದೆ. ಹೆಂಡತಿ ಬಂದು ಆರು ತಿಂಗಳಾಯಿತಂತೆ. ಮಗಳು ಊರಲ್ಲೇ ಹುಟ್ಟಿ ಬೆಳೆದವಳು, ಮೊದಲ ದಿನ ತನ್ನನ್ನು ನೋಡಿ ಮಾಮ ಎಂದು ಕರೆದಳು ಎಂದು ಹೇಳಿ ನಕ್ಕ. ನಾನು ಚಹಾ ಲೋಟ ಕೆಳಗಿಟ್ಟೆ. ಕೊನೆಗೂ ಎಲ್ಲವನ್ನೂ ಹೇಳಿದೆ: ಕರ್ಜತ್ ಲೋಕಲ್ಲು, ಭಾನುವಾರ, ಚಪ್ಪಾಳೆ ಕೇಳಿ ಉಬ್ಬಿದ್ದು, ಎಲ್ಲ.

ಅವನು ಮೇಜನ್ನು ಅಂಗೈಯಿಂದ ಒರೆಸುತ್ತ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ಅದು ಆದಿತ್ಯವಾರದ ಗಾಡಿ ಅಂತ ನನಗೆ ಗೊತ್ತಿತ್ತು ಅಣ್ಣಾ. ಹಾಲಿಗೆ ರಜೆ ಉಂಟಾ? ನಾನು ದಿನಾ ಸ್ಟೇಷನ್ನಿಗೆ ಹೋಗುವವ."

ನಾನು ಮೇಜಿನ ಮೇಲೆ ಮುಂದಕ್ಕೆ ಬಾಗಿದೆ. "ಮತ್ತ ಹಿಂದ ಉಳೀಬೇಕಿತ್ತಲ್ಲೋ. ನಿನ್ನ ವೇಗದಾಗ ನೀ ಓಡಬೇಕಿತ್ತು."

"ಒಂದ್ಸಲ ಕೇಳಿದೆ. ನೀವು ಕೈ ಮಾಡಿದಿರಿ." ಅವನ ದನಿಯಲ್ಲಿ ದೂರು ಇರಲಿಲ್ಲ. "ನನಗೋಸ್ಕರ ಓಡ್ತಾ ಇದ್ದವರು ನೀವು. ನಾನು ಹಿಂದೆ ನಿಂತ್ರೆ, ಅಷ್ಟು ಜನರ ಎದುರು ನೀವೊಬ್ರೇ ಸುಮ್ನೆ ಓಡಿದ ಹಾಗೆ ಆಗ್ತದೆ. ಅದು ಸರಿಯಾಗ್ಲಿಕ್ಕಿಲ್ಲ ಅಂತ ಕಂಡಿತು."

ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ. ವಾಪಸು ಬರುವಾಗ ಮುಂಬ್ರಾದ ಗುಡ್ಡ ಕಿಟಕಿಯಲ್ಲಿ ಕಂಡು ಮರೆಯಾಗುವವರೆಗೂ ಆ ಮಾತೇ ತಲೆಯಲ್ಲಿತ್ತು. ಇಷ್ಟು ವರ್ಷ ನಾನು ಅವನನ್ನು ಎಳೆದುಕೊಂಡು ಹೋಗುತ್ತಿದ್ದೆ ಎಂದುಕೊಂಡಿದ್ದೆ. ನನ್ನ ಮಾನ ಕಾಯಲು ಅವನು ತನ್ನ ಖೋಲಿಯನ್ನು ಬಿಟ್ಟುಕೊಟ್ಟು ಹಿಂದೆ ಬರುತ್ತಿದ್ದ.

ಮರುದಿನ ಸಂಜೆ ಬಾಜಾರಕ್ಕೆ ಹೊರಟೆವು. ಎಂದಿನ ಹಾಗೆ ನಾನು ಮುಂದೆ, ಹೆಂಡತಿ ಹಿಂದೆ. ಸ್ಟೇಷನ್ ರಸ್ತೆಯ ಗದ್ದಲದಲ್ಲಿ ಅದೇನನ್ನಿಸಿತೋ, ನಿಂತು ತಿರುಗಿ ನೋಡಿದೆ. ಎರಡೂ ಕೈಯಲ್ಲಿ ಚೀಲ ಹಿಡಿದು, ಜನರನ್ನು ತಪ್ಪಿಸಿಕೊಳ್ಳುತ್ತ, ಅರ್ಧ ಓಡುತ್ತ ಬರುತ್ತಿದ್ದಳು. ಹಣೆಯ ಮೇಲೆ ಬೆವರಿತ್ತು.

"ಜಲ್ದಿ ನಡದೆ ಏನು ನಾನು?" ಎಂದು ಕೇಳಿದೆ.

ಅವಳು ಚೀಲಗಳನ್ನು ನೆಲಕ್ಕಿಟ್ಟು ಸುಧಾರಿಸಿಕೊಂಡು, ನನ್ನ ಮುಖವನ್ನೇ ನೋಡಿ ಹೇಳಿದಳು: "ಹದಿನಾಲ್ಕು ವರ್ಷಾತು. ಇವತ್ತ ಕೇಳಿದ್ರಿ."